ಮೊದಲ ಸಮೋಸ ಸುಲಭ, ನಾನ್ನೂರನೆಯದು ಕಷ್ಟ

ಕಳೆದ ವರ್ಷದ ಬಿಸಿನೆಸ್ ಡೇ ನಿಮಗೆ ನೆನಪಿರಬಹುದು. ಅಂದು ನಮ್ಮ ತಂಡದ ಶರ್ಬತ್ತಿನ ಸ್ಟಾಲ್‌ಗೆ ಎರಡನೇ ಬಹುಮಾನ ಬಂತು. ಮೂರು ಗಂಟೆಯಲ್ಲಿ 1,850 ರೂಪಾಯಿ ಲಾಭ ಎಂದು ಲೆಕ್ಕ ಕೊಟ್ಟೆವು. ವೇದಿಕೆಯಲ್ಲಿ ನಮ್ಮನ್ನು ‘ನಾಳೆಯ ಉದ್ಯಮಿಗಳು’ ಎಂದು ಕರೆದರು. ಮನೆಗೆ ಹೋಗುವಾಗ ನಾವು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಆ ಲೆಕ್ಕದಲ್ಲಿ ಏನೇನು ಬಿಟ್ಟುಹೋಗಿತ್ತು ಎಂಬುದು ಈಗ ಅರ್ಥವಾಗುತ್ತಿದೆ. ಮಿಕ್ಸಿ ನಮ್ಮ ಮನೆಯದು. ಸಕ್ಕರೆ ಗೆಳತಿಯ ಮನೆಯ ಡಬ್ಬದಿಂದ ಬಂದದ್ದು. ಜಾಗಕ್ಕೆ ಬಾಡಿಗೆ ಇಲ್ಲ, ಐದು ಜನರ ದುಡಿಮೆಗೆ ಕೂಲಿ ಇಲ್ಲ. ಕುಡಿದವರೆಲ್ಲ ನಮ್ಮದೇ ಕ್ಲಾಸಿನವರು, ನಮ್ಮದೇ ಲೆಕ್ಚರರ್‌ಗಳು. ಮರುದಿನವೂ ಅದೇ ಶರ್ಬತ್ತು ಇಟ್ಟಿದ್ದರೆ ಎಷ್ಟು ಜನ ಬರುತ್ತಿದ್ದರು? ಇದನ್ನು ಯಾರೂ ಕೇಳಲಿಲ್ಲ. ನಾವೂ ಕೇಳಿಕೊಳ್ಳಲಿಲ್ಲ.

ಈ ಪ್ರಶ್ನೆ ನನ್ನ ಮುಂದೆ ಬಂದು ನಿಂತದ್ದು ಕಾಲೇಜಿನಲ್ಲಲ್ಲ, ರಂಝಾನ್ ತಿಂಗಳಲ್ಲಿ ನಮ್ಮ ಅಡುಗೆಮನೆಯಲ್ಲಿ.

ನನ್ನ ಉಮ್ಮ ಎರಡು ವರ್ಷಗಳಿಂದ ಪೇಟೆಯ ಒಂದು ಬೇಕರಿಗೆ ನೀರುಳ್ಳಿ ಸಮೋಸ ಮಡಚಿ ಕೊಡುತ್ತಾರೆ. ದಿನಕ್ಕೆ 100. ಕರಿಯುವುದು ಬೇಕರಿಯಲ್ಲಿ. ರಂಝಾನ್ ಶುರುವಾಗುವ ಹಿಂದಿನ ದಿನ ಬೇಕರಿಯವರು, “ಈ ತಿಂಗಳು ದಿನಕ್ಕೆ 400 ಬೇಕು, ಆಗುತ್ತದಾ?” ಎಂದು ಕೇಳಿದರು. ಉಮ್ಮ ಹೂಂ ಎಂದರು. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಬಿಸಿನೆಸ್ ಸ್ಟಡೀಸ್ ಓದುವ ಮಗಳಲ್ಲವೇ? ಒಂದಕ್ಕೆ 9 ರೂಪಾಯಿಯಂತೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಮೊಬೈಲಿನಲ್ಲಿ ಗುಣಿಸಿ ತೋರಿಸಿದೆ. ಅಕ್ಕಪಕ್ಕದ ಮನೆಯ ಮೂವರು ಮಾಮಿಯರು ಕೈಜೋಡಿಸಿದರು.

ನಾಲ್ಕನೇ ದಿನ ಸಂಜೆ, ಬ್ಯಾಂಕ್‌ಗೆ ಇನ್ನೇನು ಅರ್ಧ ಗಂಟೆ ಇದೆ ಎನ್ನುವಾಗ, 140 ಸಮೋಸ ವಾಪಸು ಬಂತು. ಎಣ್ಣೆಗೆ ಹಾಕಿದ ಕೂಡಲೇ ಬಾಯಿ ಬಿಡುತ್ತಿವೆ, ಎಣ್ಣೆಯೆಲ್ಲ ಹಾಳಾಯಿತು, ಕೆಲವಕ್ಕೆ ಉಪ್ಪೇ ಇಲ್ಲ ಎಂದು ಹೇಳಿ ಕಳುಹಿಸಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಂದು ಉಮ್ಮ ಖರ್ಜೂರದಲ್ಲಿ ನೋಂಬು ಬಿಟ್ಟು, ತುಂಬ ಹೊತ್ತು ಮಾತಾಡದೆ ಕುಳಿತಿದ್ದರು.

ತಪ್ಪು ಎಲ್ಲಿ ಆಗಿತ್ತು? 100 ಸಮೋಸ ಮಾಡುವಾಗ ಉಮ್ಮ ನೀರುಳ್ಳಿಯ ಪಲ್ಯವನ್ನು ಪೂರ್ತಿ ಆರಲು ಬಿಟ್ಟು ಆಮೇಲೆ ಪಟ್ಟಿಗೆ ತುಂಬುತ್ತಿದ್ದರು. ಅದು ಯಾರೂ ಬರೆದಿಟ್ಟ ನಿಯಮವಲ್ಲ, ಅವರ ಕೈಯ ಅಭ್ಯಾಸ. 400 ಆದಾಗ ಆರಿಸಲು ಹೊತ್ತೂ ಇಲ್ಲ, ಪಾತ್ರೆಯೂ ಇಲ್ಲ. ಬಿಸಿ ಪಲ್ಯದ ನೀರು ಬಿಟ್ಟು ಪಟ್ಟಿ ಒದ್ದೆಯಾಯಿತು, ಮೈದಾದ ಅಂಟು ಹಿಡಿಯಲಿಲ್ಲ. ಉಪ್ಪನ್ನು ಒಬ್ಬೊಬ್ಬರು ತಮ್ಮ ತಮ್ಮ ಅಂದಾಜಿನಲ್ಲಿ ಹಾಕಿದ್ದರು. ಉಮ್ಮನ ಕೈಯಲ್ಲಿದ್ದ ಜ್ಞಾನ ಉಮ್ಮನ ಕೈಯಲ್ಲೇ ಉಳಿದಿತ್ತು. ನಾವು ದೊಡ್ಡದು ಮಾಡಿದ್ದು ಆರ್ಡರನ್ನು ಮಾತ್ರ.

ನಮ್ಮಂಥ ಕಾಲೇಜುಗಳಲ್ಲಿ ಉದ್ಯಮದ ಬಗ್ಗೆ ಭಾಷಣ ಎಂದರೆ ಪಿ.ಸಿ. ಮುಸ್ತಫಾ ಅವರ ಕಥೆ ಬಂದೇ ಬರುತ್ತದೆ. ವಯನಾಡಿನ ಬಡ ಮನೆಯ ಹುಡುಗ, ಆರನೇ ಕ್ಲಾಸಿನಲ್ಲಿ ಫೇಲಾದವರು, ಇಡ್ಲಿ ದೋಸೆ ಹಿಟ್ಟು ಮಾರಿ ಐಡಿ ಫ್ರೆಶ್ ಎಂಬ ದೊಡ್ಡ ಕಂಪನಿ ಕಟ್ಟಿದರು. ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಚಪ್ಪಾಳೆ ತಟ್ಟುವ ಜಾಗ ತಪ್ಪಿದೆ ಎಂದು ನನಗೀಗ ಅನಿಸುತ್ತದೆ. ಫೇಲಾದದ್ದಕ್ಕೂ ಕೋಟಿ ಬಂದದ್ದಕ್ಕೂ ನಡುವೆ ಏನಾಯಿತು ಎಂಬುದನ್ನು ಭಾಷಣದಲ್ಲಿ ಹೇಳುವುದೇ ಇಲ್ಲ.

ನಡುವೆ ಆದದ್ದು ಇದು. 2005ರಲ್ಲಿ ಬೆಂಗಳೂರಿನ ತಿಪ್ಪಸಂದ್ರದಲ್ಲಿ 50 ಚದರ ಅಡಿಯ ಪುಟ್ಟ ಕೋಣೆ. ಮುಸ್ತಫಾ ಮತ್ತು ಅವರ ಕಸಿನ್‌ಗಳು ಸೇರಿ ಹಿಟ್ಟು ರುಬ್ಬಲು ಶುರುಮಾಡಿದರು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಿಟ್ಟು ಹಾಕಿ ರಬ್ಬರ್ ಬ್ಯಾಂಡ್ ಕಟ್ಟಿ ಮಾರುವುದು ಅದಕ್ಕೂ ಮೊದಲೇ ಅಲ್ಲಿ ಇತ್ತು. ಅಂದರೆ ದೋಸೆ ಹಿಟ್ಟು ಮಾರುವುದು ಹೊಸ ಐಡಿಯಾ ಅಲ್ಲ. ಜನರ ದೂರು ಇದ್ದದ್ದು ಒಂದೇ: ಇವತ್ತು ಚೆನ್ನಾಗಿರುತ್ತದೆ, ನಾಳೆ ಚೆನ್ನಾಗಿರುವುದಿಲ್ಲ. ಅವರು ಹಿಡಿದದ್ದು ಆ ದೂರನ್ನು. ದಿನಕ್ಕೆ 100 ಪ್ಯಾಕೆಟ್ ಮಾರುವ ಮಟ್ಟ ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು ಎಂದು ಮುಸ್ತಫಾ ಅವರೇ ಹೇಳಿಕೊಂಡಿದ್ದಾರೆ. ಹೆಲಿಯನ್ ಎಂಬ ಹೂಡಿಕೆ ಸಂಸ್ಥೆಯ 35 ಕೋಟಿ ರೂಪಾಯಿ ಬಂದದ್ದು 2014ರಲ್ಲಿ, ಅಂದರೆ ಒಂಬತ್ತು ವರ್ಷಗಳ ನಂತರ.

ಹಿಟ್ಟು ಸೋಪಿನಂಥ ವಸ್ತುವಲ್ಲ. ಪ್ಯಾಕೆಟಿನೊಳಗೂ ಅದು ಹುಳಿಯಾಗುತ್ತಲೇ ಇರುತ್ತದೆ, ಉಬ್ಬುತ್ತಲೇ ಇರುತ್ತದೆ. ಅಂಥದ್ದನ್ನು ಸಾವಿರಾರು ಅಂಗಡಿಗಳಿಗೆ ಮುಟ್ಟಿಸಬೇಕಾದರೆ ಅಕ್ಕಿ, ಉದ್ದು, ನೀರು, ತಂಪು, ಹೊತ್ತು ಎಲ್ಲವೂ ಅಳತೆಗೆ ಸಿಗಬೇಕು. ನಿನ್ನೆಯ ಪ್ಯಾಕೆಟ್ ಹೇಗಿತ್ತೋ ಇವತ್ತಿನದೂ ಹಾಗೇ ಇರಬೇಕು. ಇನೋವೇಶನ್ ಎಂದರೆ ಹೊಸ ಆ್ಯಪ್ ಎಂದು ನಾವು ತಿಳಿದಿದ್ದೇವೆ. ಅಜ್ಜಿಯ ಕಾಲದ ಹಿಟ್ಟನ್ನು ದಿನವೂ ಒಂದೇ ತರಹ ಮಾಡುವ ದಾರಿ ಹುಡುಕುವುದೂ ಇನೋವೇಶನ್ನೇ.

ಇನ್ನೊಂದು ಉದಾಹರಣೆ ನಮ್ಮ ಮನೆಗೆ ಇನ್ನೂ ಹತ್ತಿರದ್ದು. 1959ರ ಮಾರ್ಚ್ 15ರಂದು ಮುಂಬೈಯ ಗಿರಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಪಡೆದು ಕಟ್ಟಡದ ತಾರಸಿಯ ಮೇಲೆ ಹಪ್ಪಳ ಲಟ್ಟಿಸಿದರು. ಅಂದು ಆದದ್ದು ನಾಲ್ಕು ಪ್ಯಾಕೆಟ್. ಅದೇ ಇಂದಿನ ಲಿಜ್ಜತ್. ಈಗ ಅದರಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದಾರೆ. ಇಷ್ಟೊಂದು ಕೈಗಳಿದ್ದೂ ಹಪ್ಪಳದ ರುಚಿ ಒಂದೇ ಆಗಿರುವುದು ಹೇಗೆ? ಹಿಟ್ಟು ಕಲಸುವುದು ಶಾಖೆಯಲ್ಲಿ, ನಿಗದಿಯಾದ ಅಳತೆಯಲ್ಲಿ. ಸದಸ್ಯೆಯರು ಬೆಳಿಗ್ಗೆ ಬಂದು ಆ ಹಿಟ್ಟನ್ನು ಮನೆಗೆ ಒಯ್ದು ಲಟ್ಟಿಸುತ್ತಾರೆ. ಮರುದಿನ ಹಪ್ಪಳ ತಂದು ಕೊಟ್ಟಾಗ ಪರೀಕ್ಷೆ ಆಗುತ್ತದೆ, ಕೂಲಿ ಸಿಗುತ್ತದೆ. ರುಚಿ ಕೆಡುವ ಕೆಲಸ ಒಂದೇ ಕಡೆ, ಹಲವರು ಮಾಡಬಹುದಾದ ಕೆಲಸ ಹಲವು ಮನೆಗಳಲ್ಲಿ. ಯಾವುದನ್ನು ಒಂದೇ ಕಡೆ ಹಿಡಿದಿಟ್ಟುಕೊಳ್ಳಬೇಕು, ಯಾವುದನ್ನು ಹಂಚಬೇಕು ಎಂದು ತಿಳಿಯುವುದೇ ಬೆಳೆಯುವುದರ ಅರ್ಧ ಗುಟ್ಟು.

ಉಮ್ಮನಿಗೆ ಲಿಜ್ಜತ್‌ನ ಕಥೆ ಗೊತ್ತಿರಲಿಲ್ಲ. ಆದರೂ 140 ಸಮೋಸ ವಾಪಸು ಬಂದ ಮರುದಿನ ಅವರು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಅತ್ತಾಳ ಮುಗಿದ ಮೇಲೆ ಪಲ್ಯ ಮಾಡುವುದು ಅವರೊಬ್ಬರೇ. ಕಿಲೋ ನೀರುಳ್ಳಿಗೆ ಉಪ್ಪು ಎಷ್ಟು ಚಮಚ, ಮೆಣಸು ಎಷ್ಟು ಎಂದು ನನ್ನಿಂದ ನೋಟ್‌ಬುಕ್ಕಿನಲ್ಲಿ ಬರೆಸಿದರು. ಎರಡು ದೊಡ್ಡ ಹರಿವಾಣ ತಂದು, ಪಲ್ಯ ಹರಡಿ, ಫ್ಯಾನಿನ ಕೆಳಗೆ ಇಟ್ಟರು. ಪೂರ್ತಿ ಆರಿದ ಮೇಲಷ್ಟೇ ಮಾಮಿಯರಿಗೆ ಹಂಚಿದರು. ಅವರು ತಮ್ಮ ತಮ್ಮ ಮನೆಯಲ್ಲಿ ಮಡಚಿ ತಂದರು. ಬೇಕರಿಗೆ ಕಳುಹಿಸುವ ಮೊದಲು ಪ್ರತಿ ಮನೆಯದರಲ್ಲಿ ಎರಡೆರಡನ್ನು ಉಮ್ಮ ಕರಿದು ನೋಡಿದರು. ಬೇಕರಿಯವರ ಹತ್ತಿರ, “ಈಗ 200 ಮಾತ್ರ ಕೊಡುತ್ತೇನೆ” ಎಂದರು. ಆ ರಂಝಾನ್‌ನಲ್ಲಿ ಮತ್ತೆ ಒಂದೂ ವಾಪಸು ಬರಲಿಲ್ಲ.

ಪೆರ್ನಾಳ್ ಹತ್ತಿರವಾದಾಗ ಬೇಕರಿಯವರು ಮತ್ತೆ 400 ಕೇಳಿದರು. ಉಮ್ಮ ಒಪ್ಪಲಿಲ್ಲ. ನನಗೆ ಸಿಟ್ಟು ಬಂತು. “ಇಷ್ಟು ಒಳ್ಳೆಯ ಅವಕಾಶ ಯಾಕೆ ಬಿಡ್ತೀರಿ ಉಮ್ಮ?” ಎಂದೆ. ಅವರು, “ನನಗೆ ಜ್ವರ ಬಂದರೆ ಪಲ್ಯ ಮಾಡುವವರು ಯಾರು? ಮೊದಲು ಇನ್ನೊಬ್ಬರಿಗೆ ಕಲಿಸುತ್ತೇನೆ, ಆಮೇಲೆ ನೋಡುವ” ಎಂದರು. ಬೆಳೆಯುವುದು ಬೇಡ ಎಂದು ಅವರು ಹೇಳಲಿಲ್ಲ. ಬೆಳೆಯುವ ಮೊದಲು ಆಗಬೇಕಾದ ಕೆಲಸ ಯಾವುದು ಎಂದು ಹೇಳಿದರು. ಈಗ ಒಬ್ಬರು ಮಾಮಿ ವಾರಕ್ಕೆ ಎರಡು ದಿನ ಉಮ್ಮನ ಜೊತೆ ನಿಂತು ಪಲ್ಯ ಮಾಡುವುದನ್ನು ಕಲಿಯುತ್ತಿದ್ದಾರೆ.

ಆದ್ದರಿಂದ ಗೆಳೆಯರೇ, ಗೆಳತಿಯರೇ, ನನ್ನದೊಂದು ಸಲಹೆ. ಈ ವರ್ಷ ಬಿಸಿನೆಸ್ ಡೇಯನ್ನು ಒಂದೇ ದಿನಕ್ಕೆ ಮುಗಿಸುವುದು ಬೇಡ. ಆಯ್ಕೆಯಾದ ಐದು ತಂಡಗಳಿಗೆ ಎಂಟು ವಾರ, ಪ್ರತಿ ಗುರುವಾರದ ಇಂಟರ್ವಲ್‌ನಲ್ಲಿ ಒಂದೊಂದು ಮೇಜು ಕೊಡಲಿ. ಮನೆಯಿಂದ ತಂದ ಸಕ್ಕರೆಗೂ ಬೆಲೆ ಕಟ್ಟಿ ಲೆಕ್ಕ ಬರೆಯಲಿ. ಕಳೆದ ವಾರ ಕೊಂಡವರಲ್ಲಿ ಎಷ್ಟು ಜನ ಈ ವಾರ ಮತ್ತೆ ಬಂದರು ಎಂದು ಎಣಿಸಲಿ. ನಡುವೆ ಒಂದು ವಾರ ತಂಡದ ಮುಖ್ಯಸ್ಥರು ರಜೆ ಹಾಕಲಿ. ಅವರಿಲ್ಲದೆಯೂ ಅದೇ ರುಚಿ ಬರುತ್ತದೆಯೇ ನೋಡೋಣ. ಬಹುಮಾನ ಹೆಚ್ಚು ಲಾಭ ಮಾಡಿದವರಿಗಲ್ಲ, ಎಂಟನೇ ವಾರವೂ ಗಿರಾಕಿ ಹುಡುಕಿಕೊಂಡು ಬರುವ ತಂಡಕ್ಕೆ ಸಿಗಲಿ.

ಪಾಠ ಮುಗಿಸುವುದೇ ಕಷ್ಟ, ಇದಕ್ಕೆಲ್ಲ ಹೊತ್ತು ಎಲ್ಲಿದೆ ಎಂದು ಲೆಕ್ಚರರ್‌ಗಳು ಹೇಳಬಹುದು. ಅವರ ಮಾತೂ ಸರಿಯೇ, ಬೋರ್ಡ್ ಪರೀಕ್ಷೆ ಯಾರನ್ನೂ ಬಿಡುವುದಿಲ್ಲ. ಅದಕ್ಕೇ ಇದನ್ನು ಪ್ರಥಮ ಪಿಯುಸಿಯವರಿಗೆ ಇಡಬಹುದು. ಅಕೌಂಟೆನ್ಸಿಯ ಜರ್ನಲ್, ಲೆಡ್ಜರ್‌ಗಳನ್ನು ಪುಸ್ತಕದ ಯಾವುದೋ ಅಂಗಡಿಯ ಬದಲು ತಮ್ಮದೇ ಮೇಜಿನ ಲೆಕ್ಕದಿಂದ ಕಲಿತರೆ ಪಾಠವೂ ಮುಗಿದಂತಾಗುತ್ತದೆ.

ನಮ್ಮಲ್ಲಿ ಹಲವರ ಮನೆಯಲ್ಲಿ ಉಮ್ಮನೋ ಅತ್ತಿಗೆಯೋ ಏನನ್ನಾದರೂ ಮಾಡಿ ಮಾರುತ್ತಿರುತ್ತಾರೆ. ಹೊಲಿಗೆ, ಮೆಹಂದಿ, ಕೇಕ್, ಉಪ್ಪಿನಕಾಯಿ. ಅದನ್ನು ನಾವು ಬಿಸಿನೆಸ್ ಎಂದು ಕರೆಯುವುದಿಲ್ಲ, ‘ಮನೆಯಲ್ಲೇ ಏನೋ ಸಣ್ಣದು’ ಎನ್ನುತ್ತೇವೆ. ಈ ವಾರ ಒಂದು ಸಂಜೆ ಅವರ ಪಕ್ಕ ಕುಳಿತು, ಅವರ ಕೈಗೆ ಮಾತ್ರ ಗೊತ್ತಿರುವ ಅಳತೆಯನ್ನು ಕೇಳಿ ಬರೆದಿಡಿ. ನನ್ನ ನೋಟ್‌ಬುಕ್ಕಿನಲ್ಲಿ ಈಗ ಅಂಥ ನಾಲ್ಕು ಪುಟಗಳಿವೆ. ಬಿಸಿನೆಸ್ ಡೇಯ ಸರ್ಟಿಫಿಕೇಟ್ ಎಲ್ಲಿಟ್ಟಿದ್ದೇನೆ ಎಂಬುದು ಮಾತ್ರ ನೆನಪಾಗುತ್ತಿಲ್ಲ.

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ