ಬಂಗಲೆ ಕಾಣುತ್ತೆ, ಲೈನ್ ಮನೆ ಕಾಣೋದಿಲ್ಲ

ಟೀವಿಯ ಶ್ರೀಮಂತ ಬೆವರಿದ್ದನ್ನು ಯಾರಾದರೂ ನೋಡಿದ್ದೀರಾ? ಜೀ ಕನ್ನಡದಲ್ಲಿ 2019ರಲ್ಲಿ ಶುರುವಾದ ‘ಜೊತೆ ಜೊತೆಯಲಿ’ಯ ಆರ್ಯವರ್ಧನ್ ದೊಡ್ಡ ಉದ್ಯಮಿ. ಅದೇ ವರ್ಷದ ‘ಗಟ್ಟಿಮೇಳ’ದ ವೇದಾಂತನೂ ಅಷ್ಟೆ. ಕೋಟು, ಕಾರು, ಅರಮನೆಯಂಥ ಮನೆ. ಎದುರಿಗೆ ಕಮ್ಮಿ ವರಮಾನದ ಮನೆಯ ಹುಡುಗಿ. ಆಸ್ತಿಗೆ ಒಡೆಯರು ಯಾರು, ವಾರಸುದಾರರು ಯಾರು ಅಂತ ಇಂಥ ಕಥೆಗಳಲ್ಲಿ ಜಗಳ ಬೇಕಾದಷ್ಟು. ದುಡಿದವರು ಯಾರು ಅಂತ ಮಾತ್ರ ಯಾರೂ ಕೇಳೋದಿಲ್ಲ.

ಸೀರಿಯಲ್ಲಿನ ಬಡತನಕ್ಕೂ ಜಾತಿ ಇದೆ. ಹುಡುಗಿ ಎಷ್ಟೇ ಬಡವಳಾಗಲಿ, ಮನೆಯಲ್ಲಿ ದೇವರ ಕೋಣೆ, ಬೆಳಗಿಟ್ಟ ದೀಪ, ಅಂಗಳದಲ್ಲಿ ತುಳಸಿಕಟ್ಟೆ ಇರಲೇಬೇಕು. ಎರವರ ಹುಡುಗಿ, ಹೊಲೆಯರ ಹುಡುಗಿ ಆ ದೊಡ್ಡಮನೆಗೆ ಸೊಸೆಯಾಗಿ ಬಂದದ್ದನ್ನು ನಾವಂತೂ ನೋಡಿಲ್ಲ.

ಇದು ಬೆಂಗಳೂರಿನ ಸ್ಟುಡಿಯೋದ ಸಂಗತಿ, ನಮಗ್ಯಾಕೆ ಅನ್ನಬೇಡಿ. ಕೊಡಗಿನ ಮೇಲೂ ಇದೇ ಬಣ್ಣ ಬಳಿದಿದ್ದಾರೆ. 2006ರ ಕೊನೆಗೆ ‘ಮುಂಗಾರು ಮಳೆ’ ಬಂತು. ಹಾಡು ಚೆನ್ನಾಗಿದ್ದವು, ನಾವೂ ಗುನುಗಿದೆವು. ಆದರೆ ನಾಡಿಗೆಲ್ಲ ಮಡಿಕೇರಿ ಅಂದರೆ ಮಂಜು, ಮಳೆ, ಕರ್ನಲ್ ಸಾಹೇಬರ ಮನೆ ಅಂತಾಯ್ತು. ಅದೇ ಮಳೆ ಹಿಡಿದರೆ ತೋಟದಲ್ಲಿ ದಿನಗೂಲಿಯವನಿಗೆ ಹಾಜರಿ ತಪ್ಪುತ್ತೆ, ಹಾಜರಿ ತಪ್ಪಿದರೆ ಒಲೆ ಹತ್ತೋದಿಲ್ಲ. ಪ್ರೇಮಿಗಳಿಗೆ ನೆನೆಯೋ ಮಳೆ, ನಮಗೆ ಸಾಲದ ಮಳೆ.

ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಈ ಒಂದು ಜಿಲ್ಲೆಯದು. ಆ ಹಣ್ಣನ್ನು ಗಿಡದಿಂದ ಬಿಡಿಸೋದು ಕೈ, ಯಂತ್ರವಲ್ಲ. ಮೂಟೆ ಹೊತ್ತು ತೂಕಕ್ಕೆ ನಿಲ್ಲೋರು, ಏಣಿ ಹತ್ತಿ ಮೆಣಸು ಕೊಯ್ಯೋರು, ಕಣದಲ್ಲಿ ಬಗ್ಗಿ ಕಾಫಿ ಹರವೋರು ಎರವರು, ಕುರುಬರು, ದಲಿತರು, ಈಗೀಗ ಅಸ್ಸಾಮಿನಿಂದ ಬಂದವರು. ಇವರ ಕೈ ತೆಗೆದುಬಿಡಿ, ಬಂಗಲೆಯ ಸೂರಿನಲ್ಲಿ ಒಂದು ಹೆಂಚು ನಿಲ್ಲುತ್ತಾ ನೋಡೋಣ.

ಇವರು ಮಲಗೋದು ಲೈನ್ ಮನೆಯಲ್ಲಿ. ಒಂದೇ ಸಾಲು, ನಡುವೆ ಒಂದೇ ಗೋಡೆ, ಈ ಮನೆಯ ಕೆಮ್ಮು ಆ ಮನೆಗೆ ಕೇಳುತ್ತೆ. ತೋಟದ ಕಾರ್ಮಿಕರಿಗೆ ಮನೆ ಕೊಡೋದು ಮಾಲೀಕನ ಹೊಣೆ ಅಂತ 1951ರಲ್ಲೇ ಕಾನೂನು ಮಾಡಿದರು. ಒಳ್ಳೇದೇ. ಆದರೆ ಕೆಲಸ ಬಿಟ್ಟರೆ ಮನೆಯೂ ಬಿಡಬೇಕಲ್ಲ! ಕೂಲಿ ಜಾಸ್ತಿ ಕೇಳೋನು ಮೊದಲು ಹೆಂಡತಿ ಮಕ್ಕಳನ್ನು ಎಲ್ಲಿ ಮಲಗಿಸಲಿ ಅಂತ ಯೋಚಿಸಬೇಕು. ಮುಂಗಡ ತಗೊಂಡಿದ್ದರೆ ಬಾಯಿ ಇನ್ನೂ ಬಿಗಿ. ಜೀತ ರದ್ದಾಗಿದ್ದು 1976ರಲ್ಲಿ, ಸಾವ್ಕಾರರ ಲೆಕ್ಕದ ಪುಸ್ತಕ ರದ್ದಾಗಲಿಲ್ಲ.

ಆ ಸೂರಿನಿಂದ ಹೊರಗೆ ಬಂದವರಿಗೆ ಏನಾಯ್ತು? ಸಿದ್ದಾಪುರದ ಹತ್ತಿರ ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ 577 ಆದಿವಾಸಿ ಕುಟುಂಬಗಳನ್ನು 2016ರ ಡಿಸೆಂಬರ್‌ನಲ್ಲಿ ಎಬ್ಬಿಸಿದರು. ಅವರಲ್ಲಿ ಬಹಳ ಜನ ಲೈನ್ ಮನೆ ಬಿಟ್ಟು ಬಂದವರೇ. ಗುಡಿಸಲು ನೆಲಸಮ. ಚಳಿಯಲ್ಲಿ ಕೂಸುಗಳು ಬಯಲಲ್ಲಿ. ಹೆಣ್ಣುಮಕ್ಕಳು ಅಲ್ಲಿಂದ ಕದಲಲಿಲ್ಲ, ಕೂಗು ವಿಧಾನಸೌಧದವರೆಗೂ ಹೋಯ್ತು. ಹೋರಾಡಿದ ಮೇಲೆ ತಾನೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಸಿಕ್ಕಿದ್ದು! ಅತ್ತೆ, ಸೊಸೆ, ವಿಲನ್ನು, ಕಣ್ಣೀರು ಎಲ್ಲಾ ಹುಡುಕೋ ಕಥೆಗಾರರಿಗೆ ಇದು ಕಣ್ಣಿಗೇ ಬೀಳಲಿಲ್ಲ.

‘ಜನ ಕೇಳೋದೇ ಅದನ್ನ’ ಅಂತಾರೆ. ಯಾವ ಜನ ಸ್ವಾಮಿ? ಲೈನ್ ಮನೆಯಲ್ಲೂ ಟೀವಿ ಇದೆ. ನಮ್ಮ ಅಕ್ಕತಂಗಿಯರು ನಡು ನೋವಿಗೆ ಎಣ್ಣೆ ತಿಕ್ಕುತ್ತಾ ಅದನ್ನೇ ನೋಡ್ತಾರೆ. ಬೇರೆ ಏನು ತೋರಿಸಿ ಕೇಳಿದಿರಿ ಅವರನ್ನ?

ಇನ್ನೊಂದು ಸೀರಿಯಲ್ಲಿಗೆ ಎಸ್ಟೇಟ್ ಬಂಗಲೆ ಬಾಡಿಗೆಗೆ ಹುಡುಕೋರು ಬರಲಿ, ಬೇಡ ಅನ್ನೋದಿಲ್ಲ. ಕೊಯ್ಲಿನ ಕಾಲಕ್ಕೆ, ಬೆಳಿಗ್ಗೆ ಹಾಜರಿ ಕೂಗೋ ಹೊತ್ತಿಗೆ ಬರಲಿ. ಕ್ಯಾಮೆರಾ ಮೊದಲು ರೈಟರ್ ಕೈಯ ಪುಸ್ತಕದ ಮೇಲೆ ಇಡಲಿ.