ಬೀಜಕ್ಕೆ ಕೇಸಿಲ್ಲ ಎಂಬ ಅರ್ಧ ವಾಕ್ಯ

"ಅಣ್ಣಾ, ನೀನೇ ಹೇಳಿದ್ಯಲ್ಲ, ಬೀಜಕ್ಕೆ ಕೇಸಿಲ್ಲ ಅಂತ?"

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಚಿಕ್ಕಪ್ಪನ ಮಗ ಕೇಳಿದ ಪ್ರಶ್ನೆ ಇದು. ನಮ್ಮೂರು ಕೊಪ್ಪದಿಂದ ನರಸಿಂಹರಾಜಪುರದ ಕಡೆಗೆ ಹೋಗುವ ದಾರಿಯಲ್ಲಿದೆ. ಅವನು ಪದವಿಯ ಕೊನೆಯ ವರ್ಷದಲ್ಲಿದ್ದಾನೆ. ಮನೆಯಲ್ಲಿ ನೆಟ್‌ವರ್ಕ್ ಸಿಗುವ ಒಂದೇ ಜಾಗವಾದ ಜಗುಲಿಯ ಮೂಲೆಯಲ್ಲಿ ನಿಂತು ಫೋನನ್ನು ನನ್ನ ಮುಂದೆ ಹಿಡಿದ. ಯುರೋಪಿನ ಯಾವುದೋ ಕಂಪನಿಯ ಪುಟ. ಬುಟ್ಟಿಯಲ್ಲಿ ಐದು ಗಾಂಜಾ ಬೀಜ. ವಿಳಾಸದ ಜಾಗದಲ್ಲಿ ನಮ್ಮ ಮನೆಯ ಹೆಸರು, ಅಂಚೆ, ತಾಲ್ಲೂಕು, ಪಿನ್‌ಕೋಡ್ ಎಲ್ಲವೂ ತುಂಬಿತ್ತು. ಹಣ ಕಟ್ಟುವ ಗುಂಡಿ ಒತ್ತುವುದೊಂದೇ ಬಾಕಿ.

ಅವನು ಹೇಳಿದ್ದು ನಿಜ. ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಿದ್ದಾಗ, ಇದೇ ಜಗುಲಿಯಲ್ಲಿ ಕೂತು ನಾನೇ ಹಾಗೆ ಹೇಳಿದ್ದೆ. ಹಾಸ್ಟೆಲಿನಲ್ಲಿ ಗೆಳೆಯರ ಜೊತೆ ರಾತ್ರಿ ಎರಡು ಗಂಟೆಯವರೆಗೆ ವಾದ ಮಾಡಿ, ಕಾಯ್ದೆಯ ಒಂದು ಕಲಮನ್ನು ಬಾಯಿಪಾಠ ಮಾಡಿಕೊಂಡು ಬಂದ ಹುರುಪು ಅದು. ನನಗೆ ಅದು ಮಾತು. ಅವನಿಗೆ ಅದು ಮಾಹಿತಿ. ಈ ಲೇಖನ ಆ ವ್ಯತ್ಯಾಸದ ಬಗ್ಗೆ.

ಮೊದಲು ಆ ಅರ್ಧ ವಾಕ್ಯ ಎಲ್ಲಿಂದ ಬಂತು ನೋಡೋಣ. ನಾವೆಲ್ಲ ಎನ್‌ಡಿಪಿಎಸ್ ಎಂದು ಕರೆಯುವ 1985ರ ಮಾದಕ ವಸ್ತುಗಳ ಕಾಯ್ದೆಯಲ್ಲಿ, ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ ಎಂಬ ವ್ಯಾಖ್ಯೆ ಇದೆ. ತುದಿಯ ಜೊತೆಗಿಲ್ಲದ ಬೀಜ ಮತ್ತು ಎಲೆಯನ್ನು ಆ ವ್ಯಾಖ್ಯೆ ಹೊರಗಿಡುತ್ತದೆ. 1961ರ ಅಂತರರಾಷ್ಟ್ರೀಯ ಒಪ್ಪಂದದಲ್ಲೂ ಇದೇ ವಿನಾಯಿತಿ ಇದೆ. ಶಿವರಾತ್ರಿಯ ಭಂಗಿ ಬದುಕಿಕೊಂಡದ್ದು ಈ ಎಲೆಯ ವಿನಾಯಿತಿಯಿಂದಲೇ. ಬೀಜ ಮಾರುವ ವಿದೇಶಿ ಕಂಪನಿಗಳು, ನನ್ನಂಥ ಓದಿದ ಹುಡುಗರು, ಎಲ್ಲರೂ ಈ ಒಂದು ಕಲಮನ್ನು ಹಿಡಿದು ನಿಂತಿದ್ದೇವೆ. ಅಲ್ಲಿಗೇ ಓದು ನಿಲ್ಲಿಸಿದ್ದೇವೆ.

ಮುಂದಿನ ಸಾಲುಗಳನ್ನು ನಾನು ಓದಿದ್ದು ಆ ರಾತ್ರಿ, ತಮ್ಮನ ಫೋನು ಕಸಿದಿಟ್ಟುಕೊಂಡ ಮೇಲೆ.

ವಿದೇಶದಿಂದ ಹೊರಟ ಪೊಟ್ಟಣ ನೇರವಾಗಿ ಕೊಪ್ಪದ ಅಂಚೆ ಕಚೇರಿಗೆ ಬರುವುದಿಲ್ಲ. ಮೊದಲು ವಿದೇಶಿ ಅಂಚೆ ಕಚೇರಿಯಲ್ಲೋ ಕೊರಿಯರ್ ಟರ್ಮಿನಲ್ಲಿನಲ್ಲೋ ಕಸ್ಟಮ್ಸ್‌ನವರ ಕೈಗೆ ಬರುತ್ತದೆ. ಅಲ್ಲಿ ಪ್ರಶ್ನೆ ಗಾಂಜಾ ಹೌದೋ ಅಲ್ಲವೋ ಎಂಬುದರಿಂದ ಶುರುವಾಗುವುದೇ ಇಲ್ಲ. ಬಿತ್ತುವ ಬೀಜ ಯಾವುದೇ ಇರಲಿ, ಗುಲಾಬಿಯದ್ದಾಗಲಿ ಟೊಮೆಟೊದ್ದಾಗಲಿ, 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು, ಕಳಿಸಿದ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಐದು ಬೀಜಕ್ಕೆ ಅದನ್ನು ಯಾರು ಕೊಡುತ್ತಾರೆ? 1962ರ ಕಸ್ಟಮ್ಸ್ ಕಾಯ್ದೆ ಮುಂದುವರಿದು ಹೇಳುತ್ತದೆ: ಷರತ್ತು ಪಾಲಿಸದೆ ಬಂದ ಸರಕೂ ನಿಷೇಧಿತ ಸರಕೇ. ಅದನ್ನು ಜಪ್ತಿ ಮಾಡಬಹುದು. ತರಿಸಿದವನಿಗೆ ಸರಕಿನ ಬೆಲೆ ಅಥವಾ 5,000 ರೂಪಾಯಿ, ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ ಹಾಕಬಹುದು. ಗೊತ್ತಿದ್ದೇ ಕಳ್ಳದಾರಿ ಹಿಡಿದನೆಂದಾದರೆ ಮೊಕದ್ದಮೆಗೂ ಅವಕಾಶ ಇದೆ.

ಈ ಕ್ವಾರಂಟೈನ್ ನಿಯಮವನ್ನು ಅಧಿಕಾರಿಗಳ ಕಿರಿಕಿರಿ ಎಂದು ನಗುವವರು ನಮ್ಮ ಮೂರು ತಾಲ್ಲೂಕಿನಲ್ಲಿ ಇರಬಾರದು. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ಏನು ಮಾಡಿದೆ ಎಂದು ನಾವು ಕಣ್ಣಾರೆ ಕಂಡಿದ್ದೇವೆ. ಕಾಫಿಯ ಕಾಯಿಕೊರಕ ಹುಳು 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡಿತು, ಆಮೇಲೆ ನಮ್ಮ ಘಟ್ಟಕ್ಕೂ ಬಂತು. ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಹೊರಗಿನ ಹುಳ ಒಮ್ಮೆ ಒಳಗೆ ಬಂದರೆ ನೋಟಿಸು ಕೊಟ್ಟು ಕಳಿಸಲಾಗುವುದಿಲ್ಲ. 2020ರಲ್ಲಿ ಹಲವು ದೇಶಗಳ ಜನರಿಗೆ ಕೇಳದೇ ಬೀಜದ ಪೊಟ್ಟಣಗಳು ಬಂದಾಗ ಕೇಂದ್ರ ಕೃಷಿ ಸಚಿವಾಲಯ ರಾಜ್ಯಗಳಿಗೆ ಎಚ್ಚರಿಕೆ ಕಳಿಸಿದ್ದು ಈ ಭಯಕ್ಕೇ.

ಪೊಟ್ಟಣ ಹೇಗೋ ಪಾರಾಯಿತು ಎಂದಿಟ್ಟುಕೊಳ್ಳಿ. ಆಗ ಅಪಾಯ ಮುಗಿಯುವುದಿಲ್ಲ, ದೊಡ್ಡದಾಗುತ್ತದೆ. ಬೀಜವನ್ನು ಯಾರೂ ಶೋಕೇಸಿನಲ್ಲಿ ಇಡಲು ತರಿಸುವುದಿಲ್ಲ. ಮೊಳಕೆ ಬಂದ ಗಳಿಗೆಯಿಂದ ಆ ವಿನಾಯಿತಿಯ ಕಲಮು ಕೆಲಸಕ್ಕೆ ಬರುವುದಿಲ್ಲ. ಎನ್‌ಡಿಪಿಎಸ್ ಕಾಯ್ದೆಯ 8ನೇ ಕಲಮು ಗಿಡ ಬೆಳೆಸುವುದನ್ನೇ ನಿಷೇಧಿಸುತ್ತದೆ. 20ನೇ ಕಲಮು ಅದಕ್ಕೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಇಡುತ್ತದೆ. ಒಣಗಿದ ಗಾಂಜಾಕ್ಕೆ ಸಣ್ಣ ಪ್ರಮಾಣ ಎಂಬ ಲೆಕ್ಕ ಇದೆ. ಒಂದು ಕಿಲೋವರೆಗೆ ಒಂದು ವರ್ಷದವರೆಗೆ ಸಜೆ ಅಥವಾ ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ. ನೆಟ್ಟ ಗಿಡಕ್ಕೆ ಆ ಲೆಕ್ಕವೇ ಇಲ್ಲ. ಒಂದು ಕುಂಡವಾದರೂ ಒಂದು ಎಕರೆಯಾದರೂ ಕಲಮು ಒಂದೇ. ಕೊನೆಗೆ ಎಷ್ಟು ಶಿಕ್ಷೆ ಎಂಬುದು ನ್ಯಾಯಾಧೀಶರ ವಿವೇಚನೆ. ಆದರೆ ಎಫ್‌ಐಆರ್ ಬರೆಯುವಾಗ ಆ ವಿವೇಚನೆ ಕೋಣೆಯಲ್ಲಿ ಇರುವುದಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಇನ್ನೆರಡು ಕಲಮುಗಳು. 25ನೇ ಕಲಮಿನಂತೆ, ತನ್ನ ಜಾಗದಲ್ಲಿ ಇಂಥದ್ದು ನಡೆಯಲು ಗೊತ್ತಿದ್ದೂ ಬಿಟ್ಟ ಮಾಲೀಕನಿಗೂ ಅದೇ ಶಿಕ್ಷೆ. 46ನೇ ಕಲಮಿನಂತೆ, ತನ್ನ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಗಿಡ ಬೆಳೆದಿದ್ದರೆ ಜಮೀನುದಾರ ಕೂಡಲೇ ಅಧಿಕಾರಿಗಳಿಗೆ ತಿಳಿಸಬೇಕು. ಗೊತ್ತಿದ್ದೂ ತಿಳಿಸದಿದ್ದರೆ ಅವನಿಗೂ ಶಿಕ್ಷೆ. ಊರಿನಲ್ಲಿ ತೋಟದ ಪಹಣಿ ಯಾರ ಹೆಸರಿನಲ್ಲಿರುತ್ತದೆ? ಹುಡುಗನ ಹೆಸರಿನಲ್ಲಲ್ಲ, ಅಪ್ಪನ ಹೆಸರಿನಲ್ಲಿ, ಕೆಲವು ಕಡೆ ಇನ್ನೂ ಅಜ್ಜನ ಹೆಸರಿನಲ್ಲಿ. ಏಲಕ್ಕಿ ಬುಡದ ಆ ಒಂದು ಗಿಡವನ್ನು ಚಿಕ್ಕಪ್ಪ ನೋಡಿದ ಎನ್ನಿ. ಅವರ ಮುಂದೆ ಎರಡೇ ದಾರಿ: ಮಗನ ಮೇಲೆ ದೂರು ಕೊಡುವುದು ಅಥವಾ ತಾನೂ ತಪ್ಪಿತಸ್ಥನಾಗುವುದು. ಜಗುಲಿಯಲ್ಲಿ ಕೂತು ಸ್ವಾತಂತ್ರ್ಯದ ಬಗ್ಗೆ ಮಾತಾಡಿದ ನನ್ನ ಲೆಕ್ಕದಲ್ಲಿ ಚಿಕ್ಕಪ್ಪ ಇರಲೇ ಇಲ್ಲ.

ಇದೆಲ್ಲ ಪುಸ್ತಕದ ಭಯ ಎನ್ನುವವರಿಗೆ ಸುದ್ದಿಪತ್ರಿಕೆ ಇದೆ. 2021ರಲ್ಲಿ ಬಿಡದಿಯ ಬಾಡಿಗೆ ವಿಲ್ಲಾವೊಂದರಲ್ಲಿ ಕೃತಕ ಬೆಳಕಿನಡಿ ಗಾಂಜಾ ಬೆಳೆಯುತ್ತಿದ್ದವರನ್ನು ಬೆಂಗಳೂರಿನ ಸಿಸಿಬಿ ಬಂಧಿಸಿತು. ಬೀಜವನ್ನು ಆನ್‌ಲೈನಿನಲ್ಲಿ ವಿದೇಶದಿಂದ ತರಿಸಿದ್ದರು ಎಂಬುದು ಪೊಲೀಸರ ಆರೋಪ. 2023ರ ಜೂನ್‌ನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಳಗೆ ಗಿಡ ಬೆಳೆಸಿದ ಆರೋಪದಲ್ಲಿ ಸಿಕ್ಕಿದವರು ವೈದ್ಯಕೀಯ ವಿದ್ಯಾರ್ಥಿಗಳು. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ದಂಪತಿಯೊಂದು ಬಾಲ್ಕನಿಯ ಹೂಕುಂಡಗಳ ಚಿತ್ರ ಫೇಸ್‌ಬುಕ್ಕಿಗೆ ಹಾಕಿತು. ಕುಂಡದಲ್ಲಿ ಗಾಂಜಾ ಗಿಡವಿದ್ದದ್ದು ಕಂಡು ಪೊಲೀಸರು ಮನೆಗೆ ಬಂದರು. ವಿಲ್ಲಾ, ಬಾಡಿಗೆ ಮನೆ, ಬಾಲ್ಕನಿ. ಯಾವುದೂ ಅಡಗಿಸಲಿಲ್ಲ.

ಈಗ ನನ್ನ ಗೆಳೆಯರ ಜೊತೆ ಜಗಳಕ್ಕೆ ಬರುತ್ತೇನೆ. ಅವರ ವಾದಗಳು ನನಗೆ ಗೊತ್ತು, ಅವು ನನ್ನವೂ ಹೌದು. ಉತ್ತರಾಖಂಡ 2018ರಲ್ಲೇ ಕೈಗಾರಿಕಾ ಹೆಂಪ್ ಕೃಷಿಗೆ ಪರವಾನಗಿ ಕೊಟ್ಟಿತು. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತು. 2021ರಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಹೆಂಪ್ ಬೀಜ, ಎಣ್ಣೆ, ಹಿಟ್ಟುಗಳನ್ನು ಆಹಾರವೆಂದು ಒಪ್ಪಿತು. ಊರಿನ ಹಿರಿಯರನ್ನು ಕೇಳಿದರೆ ದನಕ್ಕೆ ಹೊಟ್ಟೆ ಕೆಟ್ಟಾಗ ಕೊಡಲೆಂದು ಹಿತ್ತಲಲ್ಲಿ ಒಂದು ಗಿಡ ಇರುತ್ತಿತ್ತು ಎನ್ನುತ್ತಾರೆ. ಒಣಗಿದ ಒಂದು ಕಿಲೋಗೆ ಒಂದು ವರ್ಷ, ಹಸಿರು ಗಿಡ ಒಂದಕ್ಕೆ ಹತ್ತು ವರ್ಷ ಎಂಬ ಕಾನೂನು ಅಸಂಬದ್ಧ. ಅದು ಬದಲಾಗಬೇಕು. ಇದನ್ನು ಬರೆಯೋಣ, ಸಭೆಯಲ್ಲಿ ಹೇಳೋಣ, ಶಾಸಕರನ್ನು ಕೇಳೋಣ.

ಆದರೆ ಕಾನೂನು ತಪ್ಪು ಎನ್ನುವುದು ಒಂದು ವಾದ. ಕಾನೂನೇ ಇಲ್ಲ ಎನ್ನುವುದು ಸುಳ್ಳು. ಮೊದಲನೆಯದನ್ನು ಹೇಳುವ ಧೈರ್ಯ ಬೇಕಾದಲ್ಲಿ ನಾವು ಎರಡನೆಯದನ್ನು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೇವೆ. ಉತ್ತರಾಖಂಡದ ರೈತನ ಹತ್ತಿರ ಪರವಾನಗಿ ಇದೆ, ನನ್ನ ತಮ್ಮನ ಹತ್ತಿರ ಇಲ್ಲ. ಅಂಗಡಿಯ ಹೆಂಪ್ ಬೀಜ ತಿನ್ನಲು, ನೆಡಲು ಅಲ್ಲ. ಅಜ್ಜನ ಹಿತ್ತಲಿನ ಗಿಡಕ್ಕೆ 1985ರ ಕಾಯ್ದೆ ಗೊತ್ತಿರಲಿಲ್ಲ, ಈಗಿನ ಗಿಡಕ್ಕೆ ಗೊತ್ತಿದೆ.

ಮಾರುವವನನ್ನೂ ನೋಡಿ. ಅವನ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ: ಇದು ಸಂಗ್ರಹಕ್ಕಾಗಿ ಮಾರುವ ವಸ್ತು, ನಿಮ್ಮ ದೇಶದ ಕಾನೂನು ತಿಳಿಯುವುದು ನಿಮ್ಮ ಹೊಣೆ. ಅದೇ ಪುಟದ ಮೇಲ್ಭಾಗದಲ್ಲಿ, ಪೊಟ್ಟಣ ಗುರುತು ಸಿಗದ ಹಾಗೆ ಕಟ್ಟಿ ಕಳಿಸುತ್ತೇವೆ ಎಂದು ದಪ್ಪ ಅಕ್ಷರದಲ್ಲಿರುತ್ತದೆ. ತಪ್ಪಿಲ್ಲದ ಸರಕಿಗೆ ಮುಸುಕು ಯಾಕೆ ಎಂದು ನಾವು ಕೇಳುವುದಿಲ್ಲ. ಆದರೆ ತನಿಖೆ ಮಾಡುವವನು ಕೇಳುತ್ತಾನೆ, ಹುಡುಗನನ್ನೇ ಕೇಳುತ್ತಾನೆ. ಎನ್‌ಡಿಪಿಎಸ್ ಕಾಯ್ದೆಯ 35ನೇ ಕಲಮಿನಂತೆ, ತಪ್ಪು ಮಾಡುವ ಮನಸ್ಸಿತ್ತು ಎಂದೇ ನ್ಯಾಯಾಲಯ ಭಾವಿಸುತ್ತದೆ, ಇರಲಿಲ್ಲ ಎಂದು ರುಜು ಮಾಡಬೇಕಾದವನು ಆರೋಪಿ. ಮಾರಿದವನ ಹೆಸರು ಪೊಟ್ಟಣದ ಮೇಲೆ ಇರಲಿಕ್ಕಿಲ್ಲ. ತರಿಸಿದವನ ಹೆಸರು, ಮನೆ, ಫೋನ್ ನಂಬರು ಇದ್ದೇ ಇರುತ್ತದೆ. ಹಣ ಹೋದ ಗುರುತು ಅವನ ಖಾತೆಯಲ್ಲೇ ಇರುತ್ತದೆ. ಈ ವ್ಯಾಪಾರದಲ್ಲಿ ಲಾಭ ಅಲ್ಲಿಯದು, ವಿಳಾಸ ಇಲ್ಲಿಯದು.

ಆ ಬೆಲೆ ಎಲ್ಲರಿಗೂ ಒಂದೇ ಅಲ್ಲ ಎಂಬುದೇ ನನ್ನ ದೊಡ್ಡ ತಕರಾರು. ನನ್ನ ನಗರದ ಗೆಳೆಯನಿಗೆ ನೋಟಿಸು ಬಂದರೆ ಅವನ ಮಾವ ವಕೀಲರು. ಶೃಂಗೇರಿಯ ಹುಡುಗನಿಗೆ ಬಂದರೆ ಅದನ್ನು ಮೊದಲು ಓದುವವನು ಊರಿನ ಪೋಸ್ಟ್‌ಮ್ಯಾನ್, ಸಂಜೆಯ ಹೊತ್ತಿಗೆ ಇಡೀ ಊರು. ಕೇಸಾದರೆ ಪ್ರತಿ ಮುದ್ದತಿಗೆ ಘಟ್ಟದ ತಿರುವುಗಳ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋಗಬೇಕು. ಅಡಿಕೆ ಕೊಯ್ಲಿನ ದಿನವೇ ಮುದ್ದತು ಬಿದ್ದರೂ ಹೋಗಬೇಕು. ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ತಡೆಹಿಡಿಯಬಹುದು. ನಮ್ಮ ತಾಲ್ಲೂಕಿನ ಹುಡುಗರು ಬರೆಯುವ ಪೊಲೀಸ್, ಎಫ್‌ಡಿಎ, ಕೆಎಎಸ್ ಪರೀಕ್ಷೆಗಳೆಲ್ಲ ಕೊನೆಗೆ ಪೂರ್ವಾಪರ ಪರಿಶೀಲನೆಯ ಬಾಗಿಲಿಗೇ ಬಂದು ನಿಲ್ಲುತ್ತವೆ. ರೋಗ ಬಿದ್ದ ತೋಟ ಬಿಟ್ಟು ಹೊರಗೆ ಹೋಗಲು ಇರುವ ದಾರಿ ಅದೊಂದೇ ಎನ್ನುವ ಮನೆಗಳು ಎಷ್ಟಿವೆ ಎಂದು ನನಗೆ ಗೊತ್ತು. ನಾನೂ ಅಂಥ ಮನೆಯವನು.

ಇದರಲ್ಲಿ ನೀತಿಪಾಠ ಇಲ್ಲ. ಯಾರು ಏನು ಸೇದುತ್ತಾರೆ ಎಂದು ಲೆಕ್ಕ ಇಡುವ ಕೆಲಸ ನನ್ನದಲ್ಲ. ಚಟಕ್ಕೆ ಬಿದ್ದು ಸ್ವಂತ ಇಚ್ಛೆಯಿಂದ ಚಿಕಿತ್ಸೆಗೆ ಬಂದವನಿಗೆ ಇದೇ ಕಾಯ್ದೆಯ 64ಎ ಕಲಮು ರಕ್ಷಣೆಯ ಒಂದು ಕಿಂಡಿ ಇಟ್ಟಿದೆ. ಅದನ್ನು ಬಾಯಿಪಾಠ ಮಾಡಿ ಊರಿನಲ್ಲಿ ಹೇಳಿದವರು ನಮ್ಮಲ್ಲಿ ಎಷ್ಟು ಜನ? ನಾನಂತೂ ಹೇಳಿರಲಿಲ್ಲ. ನನಗೆ ಬೇಕಾಗಿದ್ದದ್ದು ಜಗುಲಿಯಲ್ಲಿ ಜಾಣನೆನಿಸಿಕೊಳ್ಳುವ ಒಂದು ಸಾಲು.

ಮಾರನೇ ದಿನ ಬೆಳಿಗ್ಗೆ ತಮ್ಮನಿಗೆ ಪೂರ್ತಿ ವಾಕ್ಯ ಹೇಳಿದೆ. ಬೀಜ ಗಾಂಜಾ ಅಲ್ಲ, ಆದರೆ ಪರವಾನಗಿ ಇಲ್ಲದೆ ಬಂದ ಬೀಜ ನಿಷೇಧಿತ ಸರಕು. ಅದರಿಂದ ಬಂದ ಗಿಡ ಹತ್ತು ವರ್ಷದವರೆಗಿನ ಸಜೆ. ಆ ಗಿಡ ನಿಂತ ನೆಲ ನಿನ್ನ ಅಪ್ಪನದು.

ಅವನು ಸುಮ್ಮನೆ ಕೇಳಿದ. ಫೋನು ತೆಗೆದು ಬುಟ್ಟಿ ಖಾಲಿ ಮಾಡಿದ. ಆಮೇಲೆ ನನ್ನ ಮುಖ ನೋಡದೆ ಅಂದ: "ಇದನ್ನ ಆವತ್ತೇ ಹೇಳ್ಬೋದಿತ್ತಲ್ಲ ಅಣ್ಣಾ."