ಕೋಳಿಗೆ ಮಳೆನೀರು ಕೊಡಿ, ಜೂನ್ ತಿಂಗಳದ್ದು ಬೇಡ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ. ಆದರೂ ಮಾರ್ಚ್ ಬಂತೆಂದರೆ ಬಾವಿ ತಳ ಕಂಡು, ಕೋಳಿಗೂಡಿಗೆ ನೀರು ಹೊರುವ ಕೆಲಸ ಶುರು. ಬೋರ್‌ವೆಲ್ ಉಂಟಲ್ಲ ಅನ್ನುವವರು, ಕೆಂಪು ನೀರು ಹರಿಯುವ ಪೈಪಿನೊಳಗೆ ಒಮ್ಮೆ ಬೆರಳು ಹಾಕಿ ನೋಡಿ. ಕಬ್ಬಿಣದ ಲೋಳೆ ಕಟ್ಟಿರುತ್ತದೆ.

ಗೂಡಿನ ಮಾಡಿನ ನೀರನ್ನೇ ಯಾಕೆ ಹಿಡಿದಿಡಬಾರದು? ಐವತ್ತು ಕೋಳಿಗೆ ತಲಾ 300 ಮಿ.ಲೀ. ಹಿಡಿದರೆ ದಿನಕ್ಕೆ 15 ಲೀಟರ್. ಡಿಸೆಂಬರಿನಿಂದ ಮೇ ಕೊನೆಯ ತನಕ ಸುಮಾರು 2,750 ಲೀಟರ್. 3,000 ಲೀಟರಿನ ಒಂದು ಟಾಂಕಿ ಸಾಕು. 20 ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 20 ಲೀಟರ್. ಪೋಲಾದದ್ದು ಕಳೆದರೂ 200 ಮಿ.ಮೀ. ಮಳೆಗೆ ಟಾಂಕಿ ತುಂಬಿತು. ನಮ್ಮಲ್ಲಿ ಅದೇನು ದೊಡ್ಡ ಮಳೆ!

ಆದರೆ "ಕೋಳಿಗೆ ಎಂಥ ನೀರಾದ್ರೇನು ಮಾರಾಯ್ರೇ" ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಬೇಸಿಗೆಯಿಡೀ ಕಾಗೆ, ಪಾರಿವಾಳ ಹಿಕ್ಕೆ ಹಾಕಿದ ಮಾಡು ಅದು. ಸಾಲ್ಮೊನೆಲ್ಲಾದಂಥ ರೋಗಾಣು ಅದರಲ್ಲೇ ಬರುವುದು. ಅಡಿಕೆ ತೋಟದ ಬದಿಯ ಗೂಡಾದರೆ ಇನ್ನೊಂದು ತೊಂದರೆ. ಬೋರ್ಡೋ ಮದ್ದು ಬಿಡುವಾಗ ಮಾಡಿಗೂ ಬೀಳುತ್ತದೆ, ಮೈಲುತುತ್ತು ನೇರ ಟಾಂಕಿಗೆ! ಮದ್ದು ಬಿಡುವ ಮೊದಲೇ ದಂಬೆಯ ಪೈಪು ಕಳಚಿಡಿ. ಎರಡು ಒಳ್ಳೇ ಮಳೆಗೆ ಮಾಡು ತೊಳೆದ ಮೇಲೆಯೇ ಜೋಡಿಸಿ. ಜೂನ್ ನೀರಿನ ಆಸೆ ಬಿಟ್ಟುಬಿಡಿ. ಎರಡನೇ ಸಿಂಪಡಣೆ ಮುಗಿದ ಮೇಲಿನ ಆಗಸ್ಟ್, ಸೆಪ್ಟೆಂಬರಿನ ಮಳೆ ಧಾರಾಳ. ಆಗಲೂ ನಡುವೆ ಬಿಸಿಲು ಕಾದಿದ್ದರೆ ಮೊದಲ 40 ಲೀಟರ್ ಹೊರಗೆ ಹೋಗಲಿ.

ಟಾಂಕಿಗೆ ಬೆಳಕು ಹೋಗಬಾರದು, ಪಾಚಿ ಕಟ್ಟುತ್ತದೆ. ಬಾಯಿಗೆ ಸೊಳ್ಳೆಬಲೆ ಕಟ್ಟಿ. ತಿಳಿನೀರಿಗೆ ಸಾವಿರ ಲೀಟರಿಗೆ 5 ಗ್ರಾಂ ಹೊಸ ಬ್ಲೀಚಿಂಗ್ ಪೌಡರು ಕದಡಿ, ಅರ್ಧ ಗಂಟೆ ಬಿಟ್ಟು ಕೊಡಬಹುದು.

ಇಷ್ಟೆಲ್ಲ ಮಾಡಿ ನೀರಿನ ಪಾತ್ರೆ ನೆಲದಲ್ಲಿಟ್ಟರೆ ಏನು ಬಂತು? ಕೋಳಿ ಕೆದಕಿ, ಅದರಲ್ಲೇ ಹಿಕ್ಕೆ ಹಾಕಿ, ಸುತ್ತ ಹೊಟ್ಟು ಒದ್ದೆಯಾಗಿ ರಕ್ತಭೇದಿ ಬಂದೇ ಬರುತ್ತದೆ. ಪಾತ್ರೆ ಕೋಳಿಯ ಬೆನ್ನಿನ ಎತ್ತರಕ್ಕಿರಲಿ, ದಿನಾ ತಿಕ್ಕಿ ತೊಳೆಯಿರಿ.

ಕೊಕ್ಕರೆ ರೋಗದ ಲಸೋಟಾ ಲಸಿಕೆಯನ್ನು ನೀರಿನಲ್ಲಿ ಕೊಡುವವರು ಎರಡು ದಿನ ಮೊದಲೇ ಬ್ಲೀಚಿಂಗ್ ನಿಲ್ಲಿಸಿ. ಕ್ಲೋರಿನ್ ಇದ್ದರೆ ಲಸಿಕೆ ಸಾಯುತ್ತದೆ, ಕೊಟ್ಟೂ ಕೊಡದ ಹಾಗೆ.